ವಿದೇಶ ಪ್ರವಾಸದಲ್ಲಿ ಲ್ಯಾಪ್‌ಟಾಪಿಗೆ ಮೊಬೈಲ್ ಅಂತರಜಾಲ: ವರ್ತಕರು ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ರಫ್ತು ಮತ್ತು ಆಮದು ವ್ಯವಹಾರದಲ್ಲಿ ತೊಡಗಿರುವ ಸಣ್ಣ ಉದ್ಯಮಿಗಳಿಗೆ ವಿದೇಶ ಪ್ರವಾಸವೆಂದರೆ ಕಚೇರಿಯಿಂದ ದೊರೆಯುವ ಬಿಡುವಲ್ಲ. ಕಚೇರಿಯನ್ನೇ ಕೈಯಲ್ಲಿ ಹಿಡಿದು ಹೊರಡುವ ಕಾರ್ಯ. ಪೀಣ್ಯದ ಯಂತ್ರಭಾಗಗಳ ತಯಾರಕರು ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ಹೋಗಲಿ, ಚನ್ನಪಟ್ಟಣದ ಆಟಿಕೆಗಳನ್ನು ಮಾರುವವರು ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಹೋಗಲಿ, ಸರಕು ಖರೀದಿಸುವ ವರ್ತಕರು ಚೀನಾದ ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ಮೇಳಕ್ಕೆ ಹೋಗಲಿ, ಊರಿನ ಕಾರ್ಖಾನೆಯಾಗಲೀ ಅಂಗಡಿಯಾಗಲೀ ಆ ದಿನಗಳಲ್ಲಿ ನಿಂತಿರುವುದಿಲ್ಲ. ದರಪಟ್ಟಿ ಕಳುಹಿಸುವುದು, ನಕ್ಷೆಗಳನ್ನು ಪರಿಶೀಲಿಸುವುದು, ಪಾವತಿಗೆ ಒಪ್ಪಿಗೆ ನೀಡುವುದು ಇವೆಲ್ಲ ಲ್ಯಾಪ್‌ಟಾಪಿನ ಮೂಲಕವೇ ಆಗಬೇಕು.

ಕೆಲವು ಕೆಲಸಗಳು ಕಾಯುವಂಥವಲ್ಲ. ಲೆಟರ್ ಆಫ್ ಕ್ರೆಡಿಟ್ ಆಧಾರದ ರಫ್ತನ್ನೇ ತೆಗೆದುಕೊಳ್ಳಬಹುದು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಗಳಂತೆ ಮೂಲ ಸಾಗಣೆ ದಾಖಲೆಗಳನ್ನು ಸರಕು ಸಾಗಿಸಿದ 21 ದಿನಗಳೊಳಗೆ, ಆದರೆ ಎಲ್‌ಸಿಯ ಅವಧಿ ಮುಗಿಯುವ ಮೊದಲು, ಸಲ್ಲಿಸತಕ್ಕದ್ದು. ಅವನ್ನು ಪರಿಶೀಲಿಸಲು ಬ್ಯಾಂಕಿಗೆ ದೊರೆಯುವುದು ಹೆಚ್ಚೆಂದರೆ 5 ಬ್ಯಾಂಕ್ ದಿನಗಳು. ದಾಖಲೆಯಲ್ಲಿ ವ್ಯತ್ಯಾಸ ಕಂಡುಬಂದು ಬ್ಯಾಂಕು ಸೂಚನೆ ಕಳುಹಿಸಿದಾಗ ರಫ್ತುದಾರರು ಹೊರನಾಡಿನಲ್ಲಿ ಸಂಪರ್ಕವಿಲ್ಲದೆ ಕುಳಿತಿದ್ದರೆ, ತಿದ್ದುಪಡಿಗೆ ಉಳಿದಿದ್ದ ದಿನಗಳು ಹಾಗೆಯೇ ಕಳೆದುಹೋಗುತ್ತವೆ. ಅದೇ ರೀತಿ ತಿಂಗಳ 20ನೆಯ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ವಿವರಪಟ್ಟಿ ಸಲ್ಲಿಸಬೇಕಾದವರಿಗೆ, ತಡವಾದಲ್ಲಿ ವಿಳಂಬ ಶುಲ್ಕ ಹಾಗೂ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ತಪ್ಪಿದ್ದಲ್ಲ.

ಒಂದು ಕಡೆ ಸಂಪರ್ಕವಿಲ್ಲದಿದ್ದರೆ ಆಗುವ ನಷ್ಟ; ಮತ್ತೊಂದು ಕಡೆ ವಿಚಾರಿಸದೆ ಸಂಪರ್ಕ ಪಡೆದುದರಿಂದ ಬರುವ ಭಾರಿ ಬಿಲ್ಲು. ಇವೆರಡರ ನಡುವೆ ಸರಿಯಾದ ದಾರಿಯನ್ನು ಆರಿಸಿಕೊಳ್ಳಬೇಕಾದ ಸ್ಥಳ ವಿದೇಶದ ವಿಮಾನ ನಿಲ್ದಾಣವಲ್ಲ, ಸ್ವಂತ ಕಚೇರಿಯ ಮೇಜು. ಆ ಆಯ್ಕೆಗೆ ಬೇಕಾದ ತಿಳಿವಳಿಕೆಯನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ರೋಮಿಂಗ್ ಡೇಟಾ ಸಾಗುವ ದಾರಿ

ಭಾರತದ ಸಿಮ್ ಹೊಂದಿರುವ ದೂರವಾಣಿಯು ಜರ್ಮನಿಯಲ್ಲಿ ಇಳಿದೊಡನೆ ಅಲ್ಲಿಯ ಒಂದು ಕಂಪನಿಯ ಗೋಪುರದೊಡನೆ ಸಂಪರ್ಕ ಬೆಳೆಸುತ್ತದೆ. ಆದರೆ ಆ ಗೋಪುರದಿಂದ ಹೊರಟ ಡೇಟಾ ಸಾಮಾನ್ಯವಾಗಿ ನೇರವಾಗಿ ಅಂತರಜಾಲವನ್ನು ಸೇರುವುದಿಲ್ಲ. ಅದು ಎರಡು ಕಂಪನಿಗಳ ನಡುವಣ ಖಾಸಗಿ ಮಾರ್ಗದ ಮೂಲಕ ಮೊದಲು ಭಾರತದಲ್ಲಿರುವ ಮೂಲ ಕಂಪನಿಯ ದ್ವಾರಕ್ಕೆ ಬಂದು, ಅಲ್ಲಿಂದ ಅಂತರಜಾಲಕ್ಕೆ ಪ್ರವೇಶಿಸುತ್ತದೆ. ಹ್ಯಾನೋವರ್‌ನಲ್ಲಿ ಕುಳಿತು ಪಕ್ಕದ ಬೀದಿಯ ಹೋಟೆಲಿನ ಜಾಲತಾಣವನ್ನು ತೆರೆದರೂ ಡೇಟಾ ಭಾರತಕ್ಕೆ ಬಂದು ಮರಳಿ ಹೋಗುತ್ತದೆ.

ಈ ಒಂದು ಅಂಶವನ್ನು ಮನಗಂಡರೆ ಉಳಿದ ಅನೇಕ ಸಂಗತಿಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರೋಮಿಂಗ್ ದರವು ಎರಡು ಕಂಪನಿಗಳ ನಡುವಿನ ಸಗಟು ಒಪ್ಪಂದವನ್ನು ಅವಲಂಬಿಸಿದೆ. ಒಪ್ಪಂದವಿಲ್ಲದ ದೇಶದಲ್ಲಿ ಸೇವೆಯೇ ದೊರೆಯದು, ಪ್ಯಾಕೇಜಿಗೆ ಸೇರದ ಜಾಲವನ್ನು ಹಿಡಿದರೆ ದರ ಬೇರೆಯಾಗುತ್ತದೆ. ಎರಡನೆಯದಾಗಿ, ಡೇಟಾ ದೂರ ಸಾಗುವುದರಿಂದ ವಿಡಿಯೋ ಮಾತುಕತೆಯಲ್ಲಿ ತುಸು ವಿಳಂಬ ಕಾಣಿಸಿಕೊಳ್ಳುತ್ತದೆ. ಮೂರನೆಯದಾಗಿ, ಬಳಕೆದಾರರು ಎಲ್ಲಿಯೇ ಇರಲಿ, ಬ್ಯಾಂಕು ಅಥವಾ ಸರ್ಕಾರಿ ಜಾಲತಾಣದ ದೃಷ್ಟಿಗೆ ಅವರು ಭಾರತದಲ್ಲಿರುವಂತೆಯೇ ತೋರುತ್ತಾರೆ. ವಿದೇಶಿ ವಿಳಾಸದಿಂದ ಬರುವ ಕೋರಿಕೆಯನ್ನು ಕೆಲವು ತಾಣಗಳು ತಡೆಹಿಡಿಯುವುದುಂಟು; ಅಂತಹ ಸಂದರ್ಭದಲ್ಲಿ ಭಾರತದ ಸಿಮ್ ಬಳಸಿದ ರೋಮಿಂಗ್ ಉಪಕಾರಿಯಾಗುತ್ತದೆ.

ಸಣ್ಣ ಅಳತೆಯ ದೊಡ್ಡ ಬಿಲ್ಲು

ಪ್ಯಾಕೇಜ್ ಪಡೆಯದೆ ರೋಮಿಂಗ್ ಬಳಸಿದವರಿಗೆ ಬಳಸಿದಷ್ಟಕ್ಕೆ ದರ ವಿಧಿಸಲಾಗುತ್ತದೆ. ದರಪಟ್ಟಿಯಲ್ಲಿ ನಮೂದಿಸಿರುವ ಅಳತೆ ಯಾವುದೆಂಬುದನ್ನು ಮೊದಲು ಗಮನಿಸಬೇಕು. ಉದಾಹರಣೆಗೆ, 10 ಕೆಬಿಗೆ 3 ರೂ. ಎಂಬ ದರವಿದೆಯೆಂದು ಭಾವಿಸೋಣ. ನೋಡಲು ಇದು ಅಲ್ಪ ಮೊತ್ತ. ಆದರೆ 1 ಎಂಬಿಯಲ್ಲಿ 1,024 ಕೆಬಿ ಇರುವುದರಿಂದ 1 ಎಂಬಿಗೆ ತಗಲುವ ವೆಚ್ಚ 307 ರೂ. 20 ಪೈಸೆ. ಮೊಬೈಲಿನಲ್ಲಿ ತೆಗೆದ 4 ಎಂಬಿ ಗಾತ್ರದ ಒಂದು ಛಾಯಾಚಿತ್ರವನ್ನು ಗ್ರಾಹಕರಿಗೆ ಕಳುಹಿಸಲು 1,228 ರೂ. 80 ಪೈಸೆ.

ಮೇಳದಲ್ಲಿ ಒಂದು ದಿನದ ನಿಜವಾದ ಅಗತ್ಯವನ್ನು ಹೀಗೆ ಅಂದಾಜು ಮಾಡಬಹುದು: ಲಗತ್ತುಗಳೊಡನೆ ಇ-ಮೇಲ್ 100 ಎಂಬಿ, 25 ಛಾಯಾಚಿತ್ರಗಳು 100 ಎಂಬಿ, ಕಾರ್ಖಾನೆಯೊಡನೆ ಅರ್ಧ ಗಂಟೆಯ ವಿಡಿಯೋ ಮಾತುಕತೆ 500 ಎಂಬಿ, ಒಟ್ಟು 700 ಎಂಬಿ. ಮೇಲಿನ ದರದಲ್ಲಿ ಇದರ ವೆಚ್ಚ 2,15,040 ರೂ. ಇದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿದರೆ ಎರಡೂವರೆ ಲಕ್ಷ ರೂಪಾಯಿ ಮೀರುತ್ತದೆ. ಅದೇ 700 ಎಂಬಿ ದಿನಕ್ಕೆ 1 ಜಿಬಿ ನೀಡುವ ಪ್ಯಾಕೇಜಿನೊಳಗೆ ಸುಲಭವಾಗಿ ಅಡಗುತ್ತದೆ. ಡೇಟಾ ಒಂದೇ, ಅದನ್ನು ಕೊಂಡ ರೀತಿ ಮಾತ್ರ ಬೇರೆ.

ಲಭ್ಯವಿರುವ ನಾಲ್ಕು ಮಾರ್ಗಗಳು

2000ದ ದಶಕದಲ್ಲಿ ಲ್ಯಾಪ್‌ಟಾಪಿಗೆ ಮೊಬೈಲ್ ಅಂತರಜಾಲ ಬೇಕಾದವರು ಡೇಟಾ ಕಾರ್ಡ್ ಅಥವಾ ಯುಎಸ್‌ಬಿ ಮೋಡೆಮ್ ಕೊಳ್ಳುತ್ತಿದ್ದರು. ಅವುಗಳನ್ನು ಇನ್ನೂ ಕಪಾಟಿನಲ್ಲಿ ಇರಿಸಿಕೊಂಡವರು ಪ್ರಯಾಣಕ್ಕೆ ನೆಚ್ಚುವಂತಿಲ್ಲ. ಜರ್ಮನಿಯ ಕಂಪನಿಗಳು 2021ರಲ್ಲಿಯೂ ಅಮೆರಿಕದ ಪ್ರಮುಖ ಕಂಪನಿಗಳು 2022ರಲ್ಲಿಯೂ 3ಜಿ ಜಾಲವನ್ನು ಮುಚ್ಚಿದುದರಿಂದ ಹಳೆಯ 3ಜಿ ಮೋಡೆಮ್‌ಗಳು ಅಲ್ಲಿ ಪ್ರಯೋಜನಕ್ಕೆ ಬಾರವು. ಈಗ 4ಜಿ ಅಥವಾ 5ಜಿ ಮೊಬೈಲನ್ನೇ ಹಾಟ್‌ಸ್ಪಾಟ್ ಆಗಿಸಿ ಲ್ಯಾಪ್‌ಟಾಪಿಗೆ ಸಂಪರ್ಕ ನೀಡುವುದು ಸರ್ವೇಸಾಮಾನ್ಯ. ಆ ಮೊಬೈಲಿಗೆ ಡೇಟಾ ಒದಗಿಸುವ ಮಾರ್ಗಗಳು ನಾಲ್ಕು.

1. ಭಾರತೀಯ ಕಂಪನಿಯ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕೇಜ್: ಸಂಖ್ಯೆ ಬದಲಾಗದು, ಹೊಸ ಸಿಮ್ ಬೇಡ, ಒಟಿಪಿ ತಪ್ಪದು. ಮೂರು ನಾಲ್ಕು ದಿನಗಳ ಪ್ರವಾಸಕ್ಕೆ ಇದು ಅನುಕೂಲಕರ. ಕೊಳ್ಳುವಾಗ ‘ದಿನ’ ಎಂಬ ಪದದ ಅರ್ಥವನ್ನು ವಿಚಾರಿಸಬೇಕು. ಅದು ಮೊದಲ ಬಳಕೆಯಿಂದ 24 ಗಂಟೆಯೋ, ಭಾರತೀಯ ಕಾಲಮಾನದ ಮಧ್ಯರಾತ್ರಿಯವರೆಗೋ? ಎರಡನೆಯದಾದರೆ, ಏಪ್ರಿಲ್ ತಿಂಗಳ ಜರ್ಮನಿಯಲ್ಲಿ ರಾತ್ರಿ 8.30ಕ್ಕೇ ದಿನ ಮುಗಿಯುತ್ತದೆ. ಒಂದು ದಿನದ ಪ್ಯಾಕೇಜ್ ಪಡೆದವರು ಹೋಟೆಲಿಗೆ ಮರಳಿ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಅದರ ಅವಧಿ ತೀರಿರುತ್ತದೆ. ವಿಮಾನ ಮತ್ತು ಹಡಗುಗಳೊಳಗಿನ ಮೊಬೈಲ್ ಜಾಲಗಳು ಸಾಮಾನ್ಯ ಪ್ಯಾಕೇಜಿಗೆ ಸೇರಿರುವುದಿಲ್ಲವೆಂಬುದನ್ನೂ ನೆನಪಿಡಬೇಕು.

2. ಹೋದ ದೇಶದ ಸ್ಥಳೀಯ ಪ್ರೀಪೇಯ್ಡ್ ಸಿಮ್: ಒಂದೇ ದೇಶದಲ್ಲಿ ವಾರಕ್ಕೂ ಹೆಚ್ಚು ಕಾಲ ತಂಗುವವರಿಗೆ ಸಾಮಾನ್ಯವಾಗಿ ಮಿತವ್ಯಯದ ಮಾರ್ಗ. ಡೇಟಾ ನೇರವಾಗಿ ಅಲ್ಲಿಯ ಅಂತರಜಾಲವನ್ನು ಸೇರುವುದರಿಂದ ವೇಗವೂ ಹೆಚ್ಚು. ಆದರೆ ಗುರುತಿನ ಪರಿಶೀಲನೆಗೆ ಸಮಯ ಬೇಕು. ಜರ್ಮನಿಯಲ್ಲಿ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ ಚಾಲನೆಗೆ ಪಾಸ್‌ಪೋರ್ಟಿನಂತಹ ದಾಖಲೆಯ ಪರಿಶೀಲನೆ ಕಡ್ಡಾಯ; ಚೀನಾದಲ್ಲಿ 2019ರ ಡಿಸೆಂಬರ್ 1ರಿಂದ ಮುಖಚಹರೆಯ ಪರಿಶೀಲನೆಯೂ ಜಾರಿಗೆ ಬಂದಿತು.

3. ಇ-ಸಿಮ್: ಪ್ಲಾಸ್ಟಿಕ್ ಸಿಮ್ ಇಲ್ಲದೆ ಮೊಬೈಲಿನೊಳಗಿನ ಚಿಪ್‌ಗೆ ಇಳಿಸಿಕೊಳ್ಳುವ ಸಂಪರ್ಕ. ಭಾರತೀಯ ಸಿಮ್ ತನ್ನ ಜಾಗದಲ್ಲಿಯೇ ಇರುವುದು ಇದರ ದೊಡ್ಡ ಅನುಕೂಲ. ಇಳಿಸಿಕೊಳ್ಳುವುದಕ್ಕೇ ಅಂತರಜಾಲ ಬೇಕಾದುದರಿಂದ ಊರಿನಲ್ಲಿಯೇ ಆ ಕೆಲಸ ಮುಗಿಸುವುದು ಒಳಿತು. ಮೊಬೈಲ್ ಇ-ಸಿಮ್‌ಗೆ ಹೊಂದುತ್ತದೆಯೇ, ಯಾವುದಾದರೂ ಕಂಪನಿಯ ಜಾಲಕ್ಕೆ ಕಟ್ಟುಬಿದ್ದಿದೆಯೇ ಎಂಬುದನ್ನೂ ನೋಡಬೇಕು. ಪ್ರವಾಸಿಗರಿಗಾಗಿ ಮಾರುವ ಕೆಲವು ಇ-ಸಿಮ್‌ಗಳ ಡೇಟಾ ಮೂರನೆಯ ದೇಶವೊಂದರ ಮೂಲಕ ಸಾಗುವುದರಿಂದ ಬ್ಯಾಂಕಿನ ಜಾಲತಾಣವು ಅನುಮಾನದಿಂದ ಪ್ರವೇಶ ತಡೆಯುವ ಸಂಭವವುಂಟು. ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರುವವರು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಅದಿಲ್ಲದ ಕಾರಣಕ್ಕಾಗಿ 2024ರ ಜನವರಿಯಲ್ಲಿ ಎರಡು ವಿದೇಶಿ ಕಂಪನಿಗಳ ಆ್ಯಪ್‌ಗಳನ್ನು ಭಾರತದ ಆ್ಯಪ್ ಮಳಿಗೆಗಳಿಂದ ತೆಗೆಸಲಾಯಿತು. ಆದುದರಿಂದ ಅನುಮತಿ ಪಡೆದ ಮಾರಾಟಗಾರರಿಂದಲೇ ಕೊಳ್ಳುವುದು ಕ್ಷೇಮ.

4. ಹೋಟೆಲು ಹಾಗೂ ಮೇಳದ ವೈ-ಫೈ: ದೊಡ್ಡ ಕಡತಗಳನ್ನು ಕಳುಹಿಸಲು ಉಪಯುಕ್ತ, ಆದರೆ ಏಕೈಕ ಆಧಾರವಾಗಿ ನಂಬತಕ್ಕದ್ದಲ್ಲ. ಸಾವಿರಾರು ಜನ ಸೇರಿದ ಸಭಾಂಗಣದಲ್ಲಿ ವೈ-ಫೈ ಮಂದವಾಗುವುದು ಸಹಜ.

ದೇಶಕ್ಕೆ ತಕ್ಕ ಆಯ್ಕೆ

ಯುರೋಪಿನ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಸದಸ್ಯ ರಾಷ್ಟ್ರಗಳ ನಡುವೆ ಹೆಚ್ಚುವರಿ ರೋಮಿಂಗ್ ಶುಲ್ಕ ರದ್ದಾಯಿತು. 2022ರಲ್ಲಿ ಈ ವ್ಯವಸ್ಥೆಯನ್ನು 2032ರವರೆಗೆ ವಿಸ್ತರಿಸಲಾಯಿತು. ಈ ಸುದ್ದಿಯನ್ನು ಕೇಳಿ ಯುರೋಪಿನಲ್ಲಿ ರೋಮಿಂಗ್ ಉಚಿತವೆಂದು ಭಾವಿಸುವವರಿದ್ದಾರೆ. ಈ ಸೌಲಭ್ಯ ಆ ರಾಷ್ಟ್ರಗಳಲ್ಲಿ ನೀಡಲಾದ ಸಿಮ್‌ಗಳಿಗೆ ಮಾತ್ರ. ಭಾರತದ ಸಿಮ್ ಹಿಡಿದು ಹೋದವರಿಗೆ ಅನ್ವಯಿಸದು. ಆದರೆ ಜರ್ಮನಿಯಲ್ಲಿ ಸ್ಥಳೀಯ ಸಿಮ್ ಕೊಂಡವರು ನ್ಯಾಯಯುತ ಬಳಕೆಯ ಮಿತಿಗೆ ಒಳಪಟ್ಟು ಅದನ್ನೇ ಇಟಲಿ, ಫ್ರಾನ್ಸ್‌ಗಳಲ್ಲಿಯೂ, ಒಕ್ಕೂಟಕ್ಕೆ ಸೇರದ ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್‌ಗಳಲ್ಲಿಯೂ ಬಳಸಬಹುದು.

ಸ್ವಿಟ್ಜರ್ಲೆಂಡ್ ಈ ವ್ಯವಸ್ಥೆಗೆ ಸೇರಿಲ್ಲ. ಬ್ರಿಟನ್ ಕೂಡ ಒಕ್ಕೂಟದಿಂದ ಹೊರಬಂದ ಮೇಲೆ ಇದರಿಂದ ಹೊರಗುಳಿಯಿತು. ಕೆಲವು ಕಂಪನಿಗಳು ಈ ದೇಶಗಳನ್ನು ತಮ್ಮ ಪ್ಯಾಕೇಜಿಗೆ ತಾವಾಗಿಯೇ ಸೇರಿಸಿಕೊಳ್ಳುವುದುಂಟಾದರೂ ಅದು ಹಕ್ಕಲ್ಲ. ಜರ್ಮನಿಯಿಂದ ರೈಲಿನಲ್ಲಿ ಗಡಿ ದಾಟಿ ಬಾಸೆಲ್ ನಗರದ ಗ್ರಾಹಕರನ್ನು ಕಾಣಲು ಹೋಗುವವರ ಮೊಬೈಲು ಸದ್ದಿಲ್ಲದೆ ಸ್ವಿಸ್ ಜಾಲಕ್ಕೆ ಬದಲಾಗುತ್ತದೆ. ಭಾರತೀಯ ಪ್ಯಾಕೇಜ್ ಪಡೆಯುವವರೂ ತಾವು ಹೋಗುವ ಪ್ರತಿಯೊಂದು ದೇಶದ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು. ‘ಯುರೋಪ್’ ಎಂಬ ಶೀರ್ಷಿಕೆಯೊಂದೇ ಸಾಲದು.

ಚೀನಾದ ಪರಿಸ್ಥಿತಿ ಬೇರೆ ತೆರನಾದುದು. ಅಲ್ಲಿ ಜಿಮೇಲ್ 2014ರ ಕೊನೆಯಿಂದಲೂ, ವಾಟ್ಸ್‌ಆ್ಯಪ್ 2017ರಿಂದಲೂ ನಿರ್ಬಂಧಕ್ಕೆ ಒಳಗಾಗಿವೆ. ಸ್ಥಳೀಯ ಸಿಮ್ ಅಥವಾ ಹೋಟೆಲ್ ವೈ-ಫೈ ಬಳಸುವವರಿಗೆ ಅವು ಸಾಮಾನ್ಯವಾಗಿ ತೆರೆಯುವುದಿಲ್ಲ. ಕಚೇರಿಯ ಇ-ಮೇಲ್ ಗೂಗಲ್ ಸೇವೆಯಲ್ಲಿದ್ದರೆ ವ್ಯವಹಾರವೇ ಸ್ಥಗಿತಗೊಂಡಂತೆ. ಆದರೆ ಮೊದಲೇ ವಿವರಿಸಿದಂತೆ ಭಾರತೀಯ ಸಿಮ್‌ನ ರೋಮಿಂಗ್ ಡೇಟಾ ಭಾರತದ ಮೂಲಕ ಸಾಗುವುದರಿಂದ ಈ ಸೇವೆಗಳು ಸಾಮಾನ್ಯವಾಗಿ ದೊರೆಯುತ್ತವೆ. ಹೀಗಾಗಿ ಜರ್ಮನಿಯಲ್ಲಿ ಲಾಭದಾಯಕವಾದ ಸ್ಥಳೀಯ ಸಿಮ್ ಚೀನಾದಲ್ಲಿ ಅಗ್ಗವಾದರೂ ಉಪಯೋಗಕ್ಕೆ ಬಾರದೆ, ದುಬಾರಿಯಾಗಿ ಕಾಣುವ ರೋಮಿಂಗ್ ಪ್ಯಾಕೇಜೇ ಕೆಲಸಕ್ಕೆ ಒದಗುತ್ತದೆ. ಅನುಮತಿಯಿಲ್ಲದ ವಿಪಿಎನ್ ಸೇವೆಗಳಿಗೆ ಅಲ್ಲಿ ಕಾನೂನಿನ ಅಡ್ಡಿಯಿರುವುದರಿಂದ ಅವನ್ನು ನೆಚ್ಚಿ ಹೊರಡುವುದು ವಿವೇಕವಲ್ಲ.

ಲ್ಯಾಪ್‌ಟಾಪಿಗೆ ಮಿತವ್ಯಯದ ಪಾಠ

ಮೊಬೈಲು ತಾನು ಮೊಬೈಲ್ ಜಾಲದಲ್ಲಿರುವುದನ್ನು ಅರಿತು ಕೆಲವು ಕೆಲಸಗಳನ್ನು ಮುಂದೂಡುತ್ತದೆ. ಲ್ಯಾಪ್‌ಟಾಪಿಗೆ ಆ ಅರಿವು ಕಡಿಮೆ. ಮೊಬೈಲಿನ ಹಾಟ್‌ಸ್ಪಾಟನ್ನು ಅದು ಕಚೇರಿಯ ವೈ-ಫೈನಂತೆಯೇ ಭಾವಿಸಿ, ವಿಂಡೋಸ್ ಪರಿಷ್ಕರಣೆ, ವೈರಸ್ ನಿರೋಧಕದ ಪರಿಷ್ಕರಣೆ, ಛಾಯಾಚಿತ್ರ ಹಾಗೂ ಕಡತಗಳ ಕ್ಲೌಡ್ ರವಾನೆ ಮುಂತಾದ ಕೆಲಸಗಳನ್ನು ಯಾರೂ ಕೇಳದೆ ಆರಂಭಿಸುತ್ತದೆ. ಒಂದು ದೊಡ್ಡ ಪರಿಷ್ಕರಣೆಯೇ ಹಲವು ಜಿಬಿಗಳನ್ನು ನುಂಗಬಲ್ಲುದು. ಉದ್ಯಮಿ ಇ-ಮೇಲ್ ಓದುತ್ತಿರುವಾಗಲೇ ಹಿನ್ನೆಲೆಯಲ್ಲಿ ದಿನದ ಕೋಟಾ ಬರಿದಾಗಿರುತ್ತದೆ.

ಇದಕ್ಕೆ ಪರಿಹಾರ ಸರಳ. ವಿಂಡೋಸ್‌ನಲ್ಲಿ 2012ರ ವಿಂಡೋಸ್ 8ರಿಂದ ‘ಮೀಟರ್ಡ್ ಕನೆಕ್ಷನ್’ ಎಂಬ ಆಯ್ಕೆಯಿದೆ. ಹಾಟ್‌ಸ್ಪಾಟಿಗೆ ಸಂಪರ್ಕಿಸಿದ ಬಳಿಕ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಆ ವೈ-ಫೈನ ಪ್ರಾಪರ್ಟೀಸ್ ತೆರೆದು ಇದನ್ನು ಚಾಲನೆಗೊಳಿಸಿದರೆ ಬಹುಪಾಲು ಪರಿಷ್ಕರಣೆಗಳು ತಡೆಹಿಡಿಯಲ್ಪಡುತ್ತವೆ. ಆಪಲ್ ಲ್ಯಾಪ್‌ಟಾಪುಗಳಲ್ಲಿ ಇದೇ ಉದ್ದೇಶಕ್ಕೆ ‘ಲೋ ಡೇಟಾ ಮೋಡ್’ ಇದೆ. ಎಲ್ಲ ತಂತ್ರಾಂಶಗಳೂ ಈ ಸೂಚನೆಯನ್ನು ಪಾಲಿಸುವುದಿಲ್ಲವಾದುದರಿಂದ ಕ್ಲೌಡ್ ರವಾನೆಯನ್ನು ಪ್ರತ್ಯೇಕವಾಗಿ ನಿಲ್ಲಿಸಬೇಕು. ಬಾಕಿಯಿರುವ ಪರಿಷ್ಕರಣೆಗಳನ್ನು ಊರಿನಲ್ಲಿಯೇ ಮುಗಿಸಿ, ಕ್ಯಾಟಲಾಗು, ನಕ್ಷೆ, ದರಪಟ್ಟಿಗಳನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡು ಹೊರಟರೆ ಅರ್ಧ ಕೆಲಸ ಮುಗಿದಂತೆ.

ಕಿಕ್ಕಿರಿದ ಮೇಳದಲ್ಲಿ ನೂರಾರು ಹಾಟ್‌ಸ್ಪಾಟುಗಳು ಒಂದಕ್ಕೊಂದು ಅಡ್ಡಿಪಡಿಸುತ್ತವೆ. ಅಲ್ಲಿ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಟೆದರಿಂಗ್ ಮಾಡುವುದು ಹೆಚ್ಚು ಸ್ಥಿರ. ಮೊಬೈಲಿನ ಬ್ಯಾಟರಿಯೂ ಉಳಿಯುತ್ತದೆ. ಕೆಲವು ಪ್ಯಾಕೇಜುಗಳು ಹಾಟ್‌ಸ್ಪಾಟ್ ಬಳಕೆಗೆ ಮಿತಿ ವಿಧಿಸುತ್ತವೆ. ‘ಅಪರಿಮಿತ’ ಎಂಬ ಪ್ಯಾಕೇಜುಗಳಲ್ಲಿಯೂ ನಿಗದಿತ ಪ್ರಮಾಣದ ನಂತರ ವೇಗ ಕುಗ್ಗಿಸುವುದು ವಾಡಿಕೆ. ಇವೆರಡನ್ನೂ ಕೊಳ್ಳುವ ಮುನ್ನ ಕೇಳಿ ತಿಳಿಯಬೇಕು.

ಒಟಿಪಿ ಮತ್ತು ಭಾರತೀಯ ಸಂಖ್ಯೆ

ಅಗ್ಗದ ಸ್ಥಳೀಯ ಸಿಮ್ ಹಾಕಿಕೊಳ್ಳುವ ಭರದಲ್ಲಿ ಭಾರತೀಯ ಸಿಮ್ಮನ್ನು ತೆಗೆದು ಪರ್ಸಿನಲ್ಲಿಡುವುದು ವ್ಯವಹಾರಸ್ಥರಿಗೆ ತಕ್ಕುದಲ್ಲ. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೇ. ಜಿಎಸ್‌ಟಿ ವಿವರಪಟ್ಟಿಗೆ ಇವಿಸಿ ವಿಧಾನದಲ್ಲಿ ಸಹಿ ಹಾಕುವವರಿಗೂ ನೋಂದಾಯಿತ ಮೊಬೈಲು ಮತ್ತು ಇ-ಮೇಲಿಗೆ ಒಟಿಪಿ ಬರುತ್ತದೆ. ಎರಡು ಸಿಮ್‌ಗಳ ಮೊಬೈಲಿನಲ್ಲಿ ಭಾರತೀಯ ಸಂಖ್ಯೆಯ ಡೇಟಾ ರೋಮಿಂಗನ್ನು ಮಾತ್ರ ನಿಲ್ಲಿಸಿ, ಸಂದೇಶಗಳಿಗೆ ಸಂಖ್ಯೆಯನ್ನು ಜೀವಂತವಾಗಿರಿಸಿ, ಡೇಟಾಕ್ಕೆ ಸ್ಥಳೀಯ ಸಿಮ್ ಅಥವಾ ಇ-ಸಿಮ್ ಆರಿಸಿಕೊಳ್ಳುವುದು ಉತ್ತಮ ವ್ಯವಸ್ಥೆ. ಇದಕ್ಕಾಗಿ ಭಾರತೀಯ ಸಂಖ್ಯೆಯಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಹೊರಡುವ ಮುನ್ನವೇ ಚಾಲನೆಗೊಳಿಸಿರಬೇಕು. ಸಂಖ್ಯೆ ಜೀವಂತವಾಗಿದ್ದಾಗ ಬರುವ ಕರೆಗಳನ್ನು ಸ್ವೀಕರಿಸಿದರೆ ಶುಲ್ಕ ತಗಲಬಹುದೆಂಬುದು ನೆನಪಿರಲಿ.

ಹಣದ ವ್ಯವಹಾರದಲ್ಲಿ ಎಚ್ಚರ

ಸಾರ್ವಜನಿಕ ವೈ-ಫೈನಲ್ಲಿ ಬ್ಯಾಂಕ್ ವ್ಯವಹಾರ ನಡೆಸುವ ಬದಲು ಸ್ವಂತ ಮೊಬೈಲಿನ ಸಂಪರ್ಕವನ್ನು ಬಳಸುವುದು ಲೇಸು. ಮಾಲೀಕರು ಪ್ರವಾಸದಲ್ಲಿರುವ ಸಮಯವನ್ನೇ ನೋಡಿ, ‘ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಕಳುಹಿಸಿ’ ಎಂದು ಮಾಲೀಕರ ಅಥವಾ ಸರಬರಾಜುದಾರರ ಹೆಸರಿನಲ್ಲಿ ಸುಳ್ಳು ಇ-ಮೇಲ್ ಕಳುಹಿಸುವ ವಂಚನೆ ವ್ಯಾಪಾರ ವಲಯದಲ್ಲಿ ತಿಳಿದದ್ದೇ. ಖಾತೆ ಬದಲಾವಣೆಯ ಯಾವುದೇ ಸೂಚನೆಯನ್ನು ಮೊದಲಿನಿಂದ ಪರಿಚಿತವಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಕೂಡದೆಂದು ಲೆಕ್ಕಪತ್ರ ವಿಭಾಗಕ್ಕೆ ಬರವಣಿಗೆಯಲ್ಲಿ ಸೂಚಿಸಿ ಹೊರಡುವುದು ಒಳ್ಳೆಯ ಪದ್ಧತಿ.

ಹೊರಡುವ ಮುನ್ನ

ಪ್ರಯಾಣಕ್ಕೆ ಒಂದು ವಾರ ಮೊದಲು ಈ ಕೆಳಗಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

1. ಹೋಗುವ ಹಾಗೂ ಹಾದುಹೋಗುವ ಎಲ್ಲ ದೇಶಗಳ ಹೆಸರು ಪ್ಯಾಕೇಜಿನಲ್ಲಿ ಇವೆಯೇ?
2. ದಿನದ ಲೆಕ್ಕ, ಡೇಟಾ ಮಿತಿ, ಮಿತಿ ಮೀರಿದ ಮೇಲಿನ ದರ ಯಾವುವು? ಮಿತಿ ಮುಗಿದಾಗ ಸೇವೆ ನಿಲ್ಲುವುದೋ, ಶುಲ್ಕ ಏರುವುದೋ?
3. ಹಾಟ್‌ಸ್ಪಾಟ್ ಬಳಕೆಗೆ ಅವಕಾಶವಿದೆಯೇ?
4. ಲ್ಯಾಪ್‌ಟಾಪಿನಲ್ಲಿ ಮೀಟರ್ಡ್ ಆಯ್ಕೆಯನ್ನು ಊರಿನಲ್ಲಿಯೇ ಒಮ್ಮೆ ಪ್ರಯೋಗಿಸಿ ನೋಡಲಾಗಿದೆಯೇ?
5. ಕಚೇರಿಯ ಇ-ಮೇಲ್ ಸೇವೆ ಹೋಗುವ ದೇಶದಲ್ಲಿ ತೆರೆಯುತ್ತದೆಯೇ?
6. ಭಾರತೀಯ ಸಂಖ್ಯೆಗೆ ಒಟಿಪಿ ಬರುವ ವ್ಯವಸ್ಥೆ ಆಗಿದೆಯೇ? ತುರ್ತು ಪಾವತಿಗೆ ಊರಿನಲ್ಲಿ ಎರಡನೆಯ ಅಧಿಕೃತ ಸಹಿದಾರರು ಇದ್ದಾರೆಯೇ?
7. ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಡನೆ ಬರುವುದೇ? ಹಾಗಿದ್ದಲ್ಲಿ ವ್ಯವಹಾರದ ಬಳಕೆಗೆ ಪಾವತಿಸಿದ ಶೇ. 18ರ ತೆರಿಗೆಯನ್ನು ನಿಯಮಾನುಸಾರ ಜಮೆ ಪಡೆಯಲು ಅವಕಾಶವಿದೆ.

ಈ ಏಳು ಪ್ರಶ್ನೆಗಳಿಗೆ ಉತ್ತರ ಪಡೆಯಲು ಬೇಕಾಗುವುದು ಒಂದೆರಡು ದೂರವಾಣಿ ಕರೆ ಹಾಗೂ ಅರ್ಧ ಗಂಟೆಯ ಸಮಯ. ಮಳಿಗೆಯ ಬಾಡಿಗೆ, ವಿಮಾನದ ಟಿಕೆಟ್, ಮಾದರಿ ಸರಕಿನ ಸಾಗಣೆ ಇವುಗಳ ದರವನ್ನು ನಾಲ್ಕು ಕಡೆ ವಿಚಾರಿಸಿ ನಿರ್ಧರಿಸುವ ಉದ್ಯಮಿಗಳು ಡೇಟಾವನ್ನೂ ಹಾಗೆಯೇ ಖರೀದಿಸಬೇಕಾದ ಒಂದು ಸರಕೆಂದು ಪರಿಗಣಿಸಿದರೆ, ಪ್ರವಾಸದಿಂದ ಬಂದ ಬೇಡಿಕೆಯ ಲಾಭವು ಮೊಬೈಲ್ ಬಿಲ್ಲಿನಲ್ಲಿ ಕರಗಿಹೋಗುವುದನ್ನು ತಪ್ಪಿಸಬಹುದು.